ಮುಚ್ಚಳದೊಳಗಿನ ನಲವತ್ತೊಂದು

ಬೆಳಿಗ್ಗೆ ಹತ್ತೂವರೆಗೆ ನರ್ಸಮ್ಮ ಕೈಯಿಂದ ವಾಚು ಬಿಚ್ಚಿ ಅಂಗಡಿಯ ಮೇಜಿನ ಗಾಜಿನ ಮೇಲಿಟ್ಟರು. ವಾಚಮ್ಮ ಅದನ್ನು ಕಿವಿಗೆ ಹಿಡಿಯಲಿಲ್ಲ, ಮುಚ್ಚಳವನ್ನೂ ತೆಗೆಯಲಿಲ್ಲ. ಡ್ರಾಯರಿನಿಂದ ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ದಿಕ್ಸೂಚಿಯೊಂದನ್ನು ತೆಗೆದು, ಅದರ ಮುಳ್ಳು ಅಲುಗಾಟ ನಿಲ್ಲಿಸುವವರೆಗೆ ಕಾದು, ಆಮೇಲೆ ವಾಚನ್ನು ಬೆರಳ ತುದಿಯಿಂದ ಅದರತ್ತ ಮೆಲ್ಲಗೆ ತಳ್ಳಿದಳು. ಮುಳ್ಳು ಉತ್ತರ ಬಿಟ್ಟು ವಾಚಿನ ಕಡೆ ಕತ್ತು ತಿರುಗಿಸಿತು.

“ಕಾಂತ ಹಿಡಿದಿದೆ” ಎಂದಳು.

“ಹಾಗಂದ್ರೆ?”

“ಎಲ್ಲೋ ಅಯಸ್ಕಾಂತದ ಹತ್ರ ಇಟ್ಟಿದ್ದೀರ. ದಿನಕ್ಕೆ ಎಷ್ಟು ಮುಂದೆ ಓಡ್ತಿದೆ?”

“ಹತ್ತು ನಿಮಿಷ. ಒಂದೊಂದ್ಸಲ ಹನ್ನೆರಡು.”

ವಾಚಮ್ಮ ನರ್ಸಮ್ಮನ ಹೆಗಲಿನ ಚೀಲ ನೋಡಿದಳು. ಹೊಸದು. ಬಾಯಿ ತಾನಾಗಿ ಟಕ್ಕೆಂದು ಮುಚ್ಚಿಕೊಳ್ಳುವ ಬಗೆಯದು.

“ಕಳ್ಳ ಇಲ್ಲೇ ಇದಾನೆ, ಈ ಚೀಲದ ಬಾಯಲ್ಲೇ ಅಯಸ್ಕಾಂತ. ಮಲಗೋವಾಗ ವಾಚು ಬಿಚ್ಚಿ ಇದರೊಳಗೆ ಹಾಕ್ತೀರ, ಅಲ್ವಾ?”

“ಅಯ್ಯೋ, ಮಗಳು ಕೊಡಿಸಿದ ಚೀಲ ಕಣಮ್ಮ! ಅವಳಿಗೆ ಹೇಳಿದ್ರೆ ಇನ್ನೊಂದು ಭಾಷಣ ಬಿಗೀತಾಳೆ. ಈ ಹಳೇ ಡಬ್ಬ ಎಸೆದು ನನ್ನ ಥರ ಮಿನುಗೋ ವಾಚು ಕಟ್ಕೋ ಅಂತಾಳೆ. ಅವಳ ವಾಚು ನಾಡಿ ಬಡಿತಾನೂ ಎಣಿಸುತ್ತಂತೆ. ಹಾಗಾದ್ರೆ ನಾನು ಮೂವತ್ತು ವರ್ಷ ಬೆರಳಿಟ್ಟು ಎಣಿಸಿದ್ದು ಯಾವ ಲೆಕ್ಕಕ್ಕೆ?” ನರ್ಸಮ್ಮ ನಕ್ಕರು. ಆಮೇಲೆ ದಿಕ್ಸೂಚಿಯನ್ನು ಬಗ್ಗಿ ನೋಡಿದರು. “ಅಲ್ಲ, ನೀವೂ ಮೊದಲು ಇದನ್ನೇ ಇಡ್ತೀರಲ್ಲ. ನಮ್ಮೂರಲ್ಲಿ ಒಬ್ಬರಿದಾರೆ, ಅವರೂ ಹೀಗೇ.”

“ಕೆಲಸ ಗೊತ್ತಿರೋರು ಹಾಗೇ ಮಾಡೋದು. ಶನಿವಾರ ಬನ್ನಿ. ಎಣ್ಣೆನೂ ಒಣಗಿರಬೇಕು, ಪೂರ್ತಿ ಬಿಚ್ಚಿ ತೊಳೀತೀನಿ.”

ಚೀಟಿ ಹರಿದು ಕೊಟ್ಟಳು. ನರ್ಸಮ್ಮ ಹೋದರು. ಅದು ಮಂಗಳವಾರ.

ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮಹಡಿ ಮೆಟ್ಟಿಲ ಕೆಳಗಿನ ಸಂದು. ಒಬ್ಬರು ಕೂರಬಹುದು, ಒಬ್ಬರು ನಿಲ್ಲಬಹುದು, ಮೂರನೆಯವರು ಬಂದರೆ ರಸ್ತೆಯೇ ಗತಿ. ಮೇಲಿನ ಟೈಪಿಂಗ್ ಶಾಲೆಯವರು ದಡದಡ ಇಳಿಯುವಾಗ ವಾಚಮ್ಮ ಚಿಮಟವನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಕೊನೆಯ ಹೆಜ್ಜೆ ಕೇಳಿಸುವವರೆಗೆ ಕಾಯುತ್ತಾಳೆ. ಅರವತ್ತು ವರ್ಷದ ಸಣ್ಣ ಮೈಯ ಹೆಂಗಸು. ಬಲಗಣ್ಣಿನ ಸುತ್ತ, ಭೂತಗನ್ನಡಿಯ ಕೊಳವೆ ಸಿಕ್ಕಿಸಿ ಸಿಕ್ಕಿಸಿ, ಉಜ್ಜಿದರೂ ಹೋಗದ ಒಂದು ದುಂಡು ಗುರುತು ಬಿದ್ದಿದೆ. ಇಪ್ಪತ್ತೆಂಟು ವರ್ಷದಿಂದ ಬೀದಿಗೆಲ್ಲ ಅವಳು ವಾಚಮ್ಮ.

ಚೂರಿಯ ತುದಿಯನ್ನು ಸಂದಿಗೆ ಕೊಟ್ಟು ತಿರುವಿದಾಗ ನರ್ಸಮ್ಮನ ವಾಚಿನ ಹಿಂಬದಿಯ ಮುಚ್ಚಳ ಎದ್ದಿತು. ಮುಚ್ಚಳ ತೆಗೆದ ಕೂಡಲೇ ಅವಳು ಯಂತ್ರ ನೋಡುವುದಿಲ್ಲ. ಮುಚ್ಚಳದ ಒಳಮೈ ನೋಡುತ್ತಾಳೆ.

ಇದು ಕಸುಬಿನವರೊಳಗಿನ ಒಂದು ರೂಢಿ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ವಾಚನ್ನು ಪೂರ್ತಿ ಬಿಚ್ಚಿ ಜೋಡಿಸಿದವನು ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತನ್ನ ಗುರುತನ್ನೂ ತಾರೀಕನ್ನೂ ಗೀರುತ್ತಾನೆ. ಬರಿಗಣ್ಣಿಗೆ ಕಾಣುವುದಿಲ್ಲ. ಕಟ್ಟಿಕೊಂಡವರು ಜೀವಮಾನವಿಡೀ ಅದನ್ನು ಕೈಮೇಲೆ ಹೊತ್ತು ತಿರುಗಿದರೂ ಓದುವುದಿಲ್ಲ. ಅದನ್ನು ಓದುವವನು ಮುಂದೆ ಯಾವತ್ತೋ ಅದೇ ವಾಚನ್ನು ತೆಗೆಯುವ ಇನ್ನೊಬ್ಬ ಕಸುಬಿನವನು. ಯಾರ ಕೈಯಿಂದ ಬಂತು, ಯಾವಾಗ, ಕೆಲಸ ಅಚ್ಚುಕಟ್ಟೇ ಅಥವಾ ಕೈತೊಳೆದುಕೊಂಡದ್ದೇ, ಎಲ್ಲ ಅಲ್ಲಿರುತ್ತದೆ. ವಾಚಮ್ಮ ಮಾತ್ರ ತನ್ನ ಗುರುತನ್ನು ಎಲ್ಲೂ ಗೀರಿದವಳಲ್ಲ. ಯಾಕೆ ಎಂದು ಪಕ್ಕದೂರಿನ ರಿಪೇರಿಯವನೊಬ್ಬ ಕೇಳಿದ್ದಕ್ಕೆ, “ವಾಚು ಸರಿ ಓಡಿದ್ರೆ ಸಾಲದಾ, ನನ್ನ ಜಾತಕ ಬೇರೆ ಬರೀಬೇಕಾ?” ಎಂದು ಬಾಯಿ ಮುಚ್ಚಿಸಿದ್ದಳು.

ಈ ಮುಚ್ಚಳದೊಳಗೆ ಮೂರು ಗೀರುಗಳಿದ್ದವು. ಮೂರೂ ಒಂದೇ ಕೈಯವು. ತಲೆ ಮುಚ್ಚಿದ ನಾಲ್ಕು, ಕಾಲಿಗೆ ಸಣ್ಣ ಬಾಲವಿರುವ ಒಂದು. ನಲವತ್ತೊಂದು. ಮೊದಲನೆಯದರ ತಾರೀಕು ಮೂವತ್ತಮೂರು ವರ್ಷ ಹಿಂದಿನದು, ಕೊನೆಯದು ಏಳು ವರ್ಷ ಹಿಂದಿನದು.

ಅವಳು ಕೊಳವೆಯನ್ನು ಕಣ್ಣಿನಿಂದ ತೆಗೆದು, ಒರೆಸಿ, ಮತ್ತೆ ಸಿಕ್ಕಿಸಿಕೊಂಡು ಯಂತ್ರದ ಅಂಚಿನ ಸಂಖ್ಯೆ ಓದಿದಳು. ಆರು ಅಂಕಿ. ಆ ಸಂಖ್ಯೆ ಅವಳಿಗೆ ಬಾಯಿಪಾಠ.

ಹಿಂದೆ ಊರಿನ ಅಂಚಿನಲ್ಲಿ ವಾಚಿನ ಕಾರ್ಖಾನೆ ಇತ್ತು. ವಾಚಮ್ಮನ ಅಕ್ಕ ಅಲ್ಲಿ ಮೊದಲು ಸೇರಿದವಳು. ಅವಳ ಕೈಚಳಕ ನೋಡಿ ಮೇಲಿನವರೇ, “ನಿಮ್ಮನೇಲಿ ಇಂಥ ಕೈ ಇನ್ನೊಂದಿದೆಯೇನಮ್ಮ?” ಎಂದು ಕೇಳಿ ಐದು ವರ್ಷದ ನಂತರ ತಂಗಿಯನ್ನೂ ಕರೆಸಿಕೊಂಡರು. ಇಬ್ಬರೂ ವೇಳೆ ಹೊಂದಿಸುವ ಕೋಣೆಯಲ್ಲಿ. ಕಿಟಕಿಯ ಪಕ್ಕದ ನಲವತ್ತೊಂದನೇ ಮೇಜು ಅಕ್ಕನದು, ಅದರ ಒಳಮಗ್ಗುಲಿನ ನಲವತ್ತೆರಡು ಅವಳದು. ಎರಡು ಬಾಗಿಲು ದಾಟಿ, ಚಪ್ಪಲಿ ಬಿಟ್ಟು, ಬಿಳಿ ಕೋಟು ತೊಟ್ಟು, ಕೂದಲು ಮುಚ್ಚಿಕೊಂಡು ಒಳಗೆ ಹೋಗಬೇಕು. ಸೀನು ಬಂದರೆ ಎದ್ದು ಎರಡು ಹೆಜ್ಜೆ ಹಿಂದಕ್ಕೆ ಸರಿದು ಗೋಡೆಗೆ ಮುಖ ಮಾಡಬೇಕು. ಅಲ್ಲಿನವರ ಎದುರಿದ್ದ ವಸ್ತು ಅಂಥದ್ದು: ಕೂದಲೆಳೆಗಿಂತ ತೆಳುವಾದ ಉಕ್ಕಿನ ಸುರುಳಿ. ಅದು ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗಿ ಒಂದು ಪುಟ್ಟ ಚಕ್ರವನ್ನು ಸೆಕೆಂಡಿಗೆ ಐದು ಬಾರಿ ತೂಗುತ್ತದೆ. ಕೀ ಕೊಡುವ ವಾಚಿನ ಪ್ರಾಣವೆಲ್ಲ ಅದರಲ್ಲೇ.

ಊಟದ ಕೋಣೆಯ ಗೋಡೆಯಲ್ಲಿ ಹಳೆಯ ಕ್ಯಾಲೆಂಡರೊಂದಿತ್ತು. ಸ್ವಿಟ್ಜರ್ಲೆಂಡಿನ ಕಣಿವೆ, ಹಿಮ ಹೊದ್ದ ಇಳಿಜಾರು, ಸಾಲು ಕಿಟಕಿಗಳ ಒಂದು ಉದ್ದನೆಯ ಮನೆ. ವರ್ಷ ಕಳೆದರೂ ಅಕ್ಕ ಅದನ್ನು ತೆಗೆಯಲು ಬಿಟ್ಟಿರಲಿಲ್ಲ.

“ನೋಡೇ ಗುಬ್ಬಿ, ಅಷ್ಟೊಂದು ಕಿಟಕಿ ಯಾಕೆ ಹೇಳು?”

“ಗಾಳಿಗೆ.”

“ಹಿಮ ಬೀಳೋ ಕಡೆ ಗಾಳಿಗೆ ಯಾರಾದ್ರೂ ಕಿಟಕಿ ಇಡ್ತಾರಾ, ಪೆದ್ದಿ! ಬೆಳಕಿಗೆ. ಚಳಿಗಾಲದಲ್ಲಿ ಹೊಲದ ಕೆಲಸ ಇಲ್ದೆ ರೈತರು ಕಿಟಕಿ ಪಕ್ಕ ಕೂತು ಹಲ್ಲಿನ ಚಕ್ರ ಕೊರೀತಿದ್ರಂತೆ. ಒಬ್ಬನ ಮನೇಲಿ ಚಕ್ರ, ಇನ್ನೊಬ್ಬನ ಮನೇಲಿ ತಿರುಪು. ಹಿಮ ಕರಗಿದ ಮೇಲೆ ಎಲ್ಲ ಕೆಳಗೆ ಒಯ್ದು ಒಟ್ಟು ಮಾಡೋದು.”

“ನಿನಗ್ಯಾರು ಹೇಳಿದ್ದು?”

“ಪುಸ್ತಕ. ನೀನೂ ಓದ್ಬಹುದು, ಅಕ್ಷರ ಬರುತ್ತಲ್ಲ.”

ಮೂವತ್ತಾರು ವರ್ಷದ ಹಿಂದೆ ಕಾರ್ಖಾನೆ ಇಬ್ಬರನ್ನು ಆರು ತಿಂಗಳ ತರಬೇತಿಗೆ ಅದೇ ದೇಶಕ್ಕೆ ಕಳಿಸುವುದೆಂದಾಯಿತು. ಒಂದು ಹೆಸರು ಅಕ್ಕನದು. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ್ದಾಯಿತು. ಅಮ್ಮ ನೀಲಿ ಉಣ್ಣೆ ತಂದು ಸ್ವೆಟರ್ ಹೆಣೆಯಲು ಕೂತಳು. ತೋಳು ಉದ್ದವಾಯಿತೆಂದು ಎರಡು ಸಲ ಬಿಚ್ಚಿ ಹೆಣೆದಳು.

ಹೊರಡಲು ಎರಡು ತಿಂಗಳಿರುವಾಗ ತಂಗಿಯ ಕಣ್ಣು ಬಾತು ಕೆಂಪಾದವು. ರಜೆ ಕೇಳುವ ಹಾಗಿರಲಿಲ್ಲ, ದೊಡ್ಡ ಆರ್ಡರಿನ ಅವಸರ. “ಬಾ, ಕಿಟಕಿ ಹತ್ರ ಕೂತ್ಕೋ. ನನ್ನ ಮೇಜಲ್ಲಿ ಬೆಳಕು ಚೆನ್ನಾಗಿದೆ” ಎಂದು ಅಕ್ಕ ಜಾಗ ಬದಲಿಸಿದಳು. ಮೇಜು ಬದಲಿಸುವುದು ನಿಯಮಕ್ಕೆ ವಿರುದ್ಧ. ತಟ್ಟೆಗೆ ಕಟ್ಟುವ ಚೀಟಿಗಳಲ್ಲಿ ಮೇಜಿನ ಸಂಖ್ಯೆ ಅಚ್ಚಾಗಿರುತ್ತಿತ್ತು. ಹಾಗಾಗಿ ಆರು ದಿನ, ತಂಗಿ ಹೊಂದಿಸಿದ ಇನ್ನೂರ ನಲವತ್ತು ವಾಚುಗಳು ನಲವತ್ತೊಂದರ ಚೀಟಿ ಕಟ್ಟಿಕೊಂಡು ಹೋದವು.

ಇನ್ನೊಂದು ನಿಯಮವಿತ್ತು. ತಿರುಪು ಕೆಳಗೆ ಬಿದ್ದರೆ ಸಿಗುವವರೆಗೆ ಮೇಲೇಳುವಂತಿಲ್ಲ. ಆ ತಿರುಪು ಸಾಸಿವೆಯ ಕಾಲುಭಾಗ. ಬಾತ ಕಣ್ಣಿಗೆ ಅದು ಎಲ್ಲಿ ಸಿಗಬೇಕು? ತಂಗಿ ಮನೆಯಲ್ಲಿ ಹಾಳಾಗಿ ಬಿದ್ದಿದ್ದ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ಕರವಸ್ತ್ರದಲ್ಲಿ ಸುತ್ತಿ, ಯಾರಿಗೂ ಕಾಣದಂತೆ ತಂದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಳು. ನೆಲದ ಮೇಲೊಮ್ಮೆ ಆಡಿಸಿದರೆ ತಿರುಪು ತಾನಾಗಿ ಬಂದು ಅಂಟಿಕೊಳ್ಳುತ್ತಿತ್ತು. ವೇಳೆ ಹೊಂದಿಸಿ ಪರೀಕ್ಷೆ ಮುಗಿದ ವಾಚುಗಳ ತಟ್ಟೆಯನ್ನು ಸಂಜೆ ಒಯ್ಯುವವರು ಬರುವವರೆಗೆ ಇಡುತ್ತಿದ್ದದ್ದೂ ಅದೇ ಡ್ರಾಯರಿನಲ್ಲಿ. ವಾಚಿನ ಕೆಲಸದವಳು ಮರೆಯಬಾರದ ಒಂದೇ ಸಂಗತಿಯನ್ನು ಅವಳು ಆರು ದಿನ ಮರೆತಳು. ಕಾಂತ ತಾಗಿದ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ; ಸುರುಳಿ ಗಿಡ್ಡವಾದಂತಾಗಿ ವಾಚು ದಿಕ್ಕೆಟ್ಟು ಓಡುತ್ತದೆ. ಅವಸರದ ತಿಂಗಳಾದ್ದರಿಂದ ಕೊನೆಯ ಮೂರು ದಿನದ ಪರೀಕ್ಷೆಯನ್ನು ಕಾರ್ಖಾನೆಯೇ ಬಿಟ್ಟುಬಿಟ್ಟಿತ್ತು.

ತಿಂಗಳೊಳಗೆ ವಾಚುಗಳು ವಾಪಸು ಬಂದವು. ಕಾಂತ ಎಂಬುದು ಒಂದೇ ಗಳಿಗೆಯಲ್ಲಿ ಗೊತ್ತಾಯಿತು. ಯಾರು ಎಂಬುದಕ್ಕೆ ಚೀಟಿಗಳಿದ್ದವು. ಡ್ರಾಯರು ಶೋಧಿಸಿದರು, ಏನೂ ಸಿಗಲಿಲ್ಲ. ಕಣ್ಣು ವಾಸಿಯಾದ ದಿನವೇ ತಂಗಿ ಅಯಸ್ಕಾಂತವನ್ನು ಮನೆಗೆ ಒಯ್ದಿದ್ದಳು. ಸುದ್ದಿ ಬಂದ ಸಂಜೆ ದಾರಿಯ ಕೆರೆಗೆ ಎಸೆದಳು. ವಿಚಾರಣೆಯವರ ಎದುರು ಅಕ್ಕ, “ನನ್ನ ಮೇಜು, ನನ್ನ ಚೀಟಿ” ಎಂದಷ್ಟೇ ಹೇಳಿದಳು. ಮೇಜು ಬದಲಿಸಿದ್ದನ್ನು ಬಾಯಿಬಿಡಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ತಂಗಿಯೂ ಬಾಯಿಬಿಡಲಿಲ್ಲ.

ಅಕ್ಕನ ಬದಲು ಬೇರೊಬ್ಬ ವಿಮಾನ ಹತ್ತಿದ. ಅಕ್ಕನನ್ನು ಪೆಟ್ಟಿಗೆ ಕಟ್ಟುವ ವಿಭಾಗಕ್ಕೆ ಹಾಕಿದರು. ವರ್ಷ ತುಂಬುವ ಮೊದಲೇ ಅವಳು ಕೆಲಸ ಬಿಟ್ಟು, ಸ್ವೆಟರನ್ನೂ ಚಿಮಟವನ್ನೂ ಚೀಲಕ್ಕೆ ತುಂಬಿಕೊಂಡು ದೂರದ ಊರೊಂದಕ್ಕೆ ಹೋದಳು. ಪೂರ್ತಿ ಇನ್ನೂರ ನಲವತ್ತು ವಾಪಸು ಬಂದಿರಲಿಲ್ಲ. ಹನ್ನೊಂದು ವಾಚು ಯಾರ ಕೈಯಲ್ಲೋ ಉಳಿದವು. ಆ ಹನ್ನೊಂದು ಸಂಖ್ಯೆಗಳನ್ನು ತಂಗಿ ಬಟ್ಟೆಯ ಬೀರುವಿನ ಬಾಗಿಲ ಒಳಗಡೆ ಪೆನ್ಸಿಲಿನಲ್ಲಿ ಬರೆದಿಟ್ಟಳು. ಇಷ್ಟು ವರ್ಷದಲ್ಲಿ ಮೂರು ಅವಳ ಮೇಜಿಗೆ ಬಂದಿದ್ದವು. ಇದು ನಾಲ್ಕನೆಯದು.

ತಮಾಷೆಯೆಂದರೆ, ಅಷ್ಟು ಹೊತ್ತಿಗೆ ಆ ಕೋಣೆಯ ಕೆಲಸಕ್ಕೇ ಸಂಚಕಾರ ಬಂದಾಗಿತ್ತು. 1969ರ ಕೊನೆಯಲ್ಲಿ ಜಪಾನಿನವರು ಸೆಲ್‌ನಿಂದ ಓಡುವ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟರು. ಇವತ್ತಿನ ಸೆಲ್ ವಾಚುಗಳಲ್ಲಿ ಒಂದು ಚೂರು ಹರಳು ಸೆಕೆಂಡಿಗೆ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಸಲ ನಡುಗುತ್ತದೆ. ಸೆಕೆಂಡಿಗೆ ಐದು ಸಲ ತೂಗುವ ಚಕ್ರ ಅದರ ಮುಂದೆ ಎಲ್ಲಿ ನಿಲ್ಲಬೇಕು? ಹದಿನೈದು ವರ್ಷ ಕಳೆಯುವಷ್ಟರಲ್ಲಿ ಸ್ವಿಟ್ಜರ್ಲೆಂಡಿನಲ್ಲೇ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ವಾಚಿನ ಕೆಲಸ ಕಳೆದುಕೊಂಡಿದ್ದರು. ಈ ಕಾರ್ಖಾನೆಯ ಬಾಗಿಲಿಗೆ ಆ ಅಲೆ ಬರಲು ಇಪ್ಪತ್ತು ವರ್ಷ ಹಿಡಿಯಿತು, ಅಷ್ಟೇ. ತರಬೇತಿ ಮುಗಿಸಿ ಬಂದವನಿಗೆ ಕಲಿತದ್ದನ್ನು ಮಾಡಲು ಮೇಜು ಹೆಚ್ಚು ಕಾಲ ಉಳಿಯಲಿಲ್ಲ. ಕೆಲವೇ ವರ್ಷದಲ್ಲಿ ವೇಳೆ ಹೊಂದಿಸುವ ಕೋಣೆಯನ್ನು ಮುಚ್ಚಿ ಕುರ್ಚಿಗಳನ್ನು ತೂಕಕ್ಕೆ ಹಾಕಿದರು. ತಂಗಿ ತನ್ನ ಕುರ್ಚಿ ಕೊಂಡುಕೊಂಡಳು. ಮೆಟ್ಟಿಲ ಕೆಳಗೆ ಇವತ್ತು ಅವಳು ಕೂರುವುದು ಅದರಲ್ಲೇ.

ಮುಂದಿನದೆಲ್ಲ ಅವಳ ಡ್ರಾಯರುಗಳಲ್ಲಿದೆ. ಮೇಲಿನದರಲ್ಲಿ ಕೀ ಕೊಡುವ ವಾಚಿನ ಬಿಡಿಭಾಗಗಳು, ಔಷಧಿ ಬಾಟಲಿಗಳಲ್ಲಿ ವಿಂಗಡಿಸಿದವು. ಎರಡನೆಯದರಲ್ಲಿ ಜಪಾನಿನ, ಚೀನಾದ ಸೆಲ್ ಯಂತ್ರಗಳು. ಅವನ್ನು ಬಿಚ್ಚಿ ರಿಪೇರಿ ಮಾಡುವವರಿಲ್ಲ, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರೆ ಆಯಿತು. ಚೀನಾದಿಂದ ವರ್ಷಕ್ಕೆ ಹತ್ತಾರು ಕೋಟಿ ವಾಚುಗಳು ಹಡಗು ಹತ್ತುತ್ತವೆ. ಸ್ವಿಟ್ಜರ್ಲೆಂಡಿನಿಂದ ಹೊರಡುವುದು ಒಂದೂವರೆ ಕೋಟಿಯ ಆಸುಪಾಸು. ಆದರೂ ಜಗತ್ತಿನ ವಾಚು ರಫ್ತಿನ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಪಾಲಿಗೇ ಹೋಗುತ್ತದೆ. ಸತ್ತಿತು ಎಂದಿದ್ದ ಆ ಕೂದಲೆಳೆಯ ಸುರುಳಿಯನ್ನೇ ಅವರು ಉಳ್ಳವರ ಆಸೆಯಾಗಿ ಮಾಡಿ ಮಾರಿದರು. ನರ್ಸಮ್ಮನ ಮಗಳ ಕೈಯಲ್ಲಿರುವಂಥ ವಾಚು ತಂದರೆ ಮಾತ್ರ ವಾಚಮ್ಮ ಮುಟ್ಟುವುದಿಲ್ಲ. “ಇದು ಫೋನಿನ ಮರಿ. ಅದರ ತಾಯಿ ಹತ್ರ ಕರ್ಕೊಂಡು ಹೋಗಿ” ಎನ್ನುತ್ತಾಳೆ.

ಅಕ್ಕ ಎಲ್ಲೋ ವಾಚಿನ ಕೆಲಸದಲ್ಲೇ ಇದ್ದಾಳೆ ಎಂಬುದು ಅವಳಿಗೆ ಮುಚ್ಚಳಗಳಿಂದಲೇ ಗೊತ್ತು. ಹಿಂದೆ ಎರಡು ಸಲ ಬೇರೆ ವಾಚುಗಳಲ್ಲಿ ನಲವತ್ತೊಂದು ಸಿಕ್ಕಿತ್ತು. ಎರಡನ್ನೂ ತಂದವರು ಹಳೆಯ ಮಾಲಿನ ವ್ಯಾಪಾರಿಗಳು. ಎಲ್ಲಿಂದ ಬಂತೆಂದು ಅವರಿಗೇ ಗೊತ್ತಿರಲಿಲ್ಲ. ಮೊದಮೊದಲು ಅಕ್ಕನ ಗೆಳತಿಯೊಬ್ಬಳ ವಿಳಾಸದ ಮೂಲಕ ಪತ್ರಗಳಿದ್ದವು, ತಾನಿರುವ ಊರನ್ನು ಅಕ್ಕ ತಿಳಿಸಿರಲಿಲ್ಲ. ಇವಳು ನಾಲ್ಕು ಪುಟ ಬರೆದರೆ ಅತ್ತಲಿಂದ ಒಂದು ಕಾರ್ಡು. ಮದುವೆ, ಅಮ್ಮನ ಆರೋಗ್ಯ, ಮನೆಯ ಹೆಂಚು, ಎಲ್ಲ ಬರೆದಳು, ಅದೊಂದು ಬಿಟ್ಟು.

ಇಪ್ಪತ್ತೆರಡು ವರ್ಷದ ಹಿಂದೆ ಅಮ್ಮ ಹೋದಾಗ ಅಕ್ಕ ಬಂದಿದ್ದಳು. ಎರಡು ದಿನ ಇದ್ದಳು. ಹೊರಡುವಾಗ ಇವಳು ಬಸ್ ನಿಲ್ದಾಣದವರೆಗೆ ಹೋದಳು. ಬಸ್ಸು ಬಂದು ನಿಂತಿತ್ತು. ಚೀಲ ಮೇಲಕ್ಕೆ ಕೊಟ್ಟು, ಒಂದು ಕಾಲು ಮೆಟ್ಟಿಲ ಮೇಲಿಟ್ಟು ಅಕ್ಕ ತಿರುಗಿ ನೋಡಿದಳು.

“ಗುಬ್ಬಿ, ನನ್ನ ಹತ್ರ ಏನಾದ್ರೂ ಹೇಳೋದಿದೆಯೇನೆ?”

ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

“ಏನಿಲ್ಲಕ್ಕ. ಹುಷಾರಾಗಿ ಹೋಗು.”

ಅಕ್ಕ ತಲೆಯಾಡಿಸಿದಳು. ಆಮೇಲೆ ಕಾರ್ಡು ಬರಲಿಲ್ಲ. ಇವಳು ಬರೆದ ಮೂರನೆಯ ಪತ್ರ, ವಿಳಾಸದಲ್ಲಿ ಆ ಹೆಸರಿನವರಿಲ್ಲ ಎಂಬ ಮುದ್ರೆ ಹೊತ್ತು ವಾಪಸು ಬಂತು.

ಅಕ್ಕನಿಗೆ ಅಯಸ್ಕಾಂತದ ವಿಷಯ ಗೊತ್ತಿತ್ತೇ? ಅಥವಾ ಮೇಜು ಬದಲಿಸಿದ ತಪ್ಪಿಗೆ, ಏನಾಯಿತೆಂದೇ ತಿಳಿಯದೆ, ತಲೆ ಕೊಟ್ಟಳೇ? ಎರಡನೆಯದಾದರೆ ಹೇಳಬೇಕಾದದ್ದು ಇನ್ನೂ ಉಳಿದಿದೆ. ಮೊದಲನೆಯದಾದರೆ ಬಸ್ಸಿನ ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆ ಬೇರೆಯೇ ಪ್ರಶ್ನೆ, ತಂಗಿ ತಾನಾಗಿ ಹೇಳಲಿ ಎಂದು ಕೊಟ್ಟ ಅವಕಾಶ. ಇಪ್ಪತ್ತೆರಡು ವರ್ಷದಿಂದ ವಾಚಮ್ಮ ಈ ಎರಡರ ನಡುವೆ ತೂಗುತ್ತಿದ್ದಳು.

ನರ್ಸಮ್ಮನ ಫೋನ್ ನಂಬರು ಚೀಟಿಯ ಪ್ರತಿಯಲ್ಲಿತ್ತು. ಮಂಗಳವಾರ ಮಧ್ಯಾಹ್ನ ಎರಡು ಸಲ ಒತ್ತಲು ಹೋಗಿ ಬಿಟ್ಟಳು. ಬುಧವಾರ ವಾಚು ಬಿಚ್ಚಿದಳು. ಅಕ್ಕನ ಕೆಲಸ ಅಕ್ಕನ ಕೆಲಸವೇ. ಒಂದು ತಿರುಪಿನ ತಲೆಯೂ ಜಾರಿರಲಿಲ್ಲ. ಚಕ್ರಗಳನ್ನು ತೊಳೆದು, ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಹನಿಹನಿಯಾಗಿ ಮುಟ್ಟಿಸಿ, ಗುರುವಾರ ಜೋಡಿಸಿದಳು. ಕೊನೆಗೆ ಕಾಂತ ಕಳೆಯುವ ಪೆಟ್ಟಿಗೆಯ ಮೇಲಿಟ್ಟು ಗುಂಡಿ ಒತ್ತಿ, ವಾಚನ್ನು ನಿಧಾನವಾಗಿ ಮೇಲಕ್ಕೆತ್ತಿದಳು. ಹತ್ತು ಸೆಕೆಂಡಿನ ಕೆಲಸ. ದಿಕ್ಸೂಚಿಯ ಮುಳ್ಳು ಈಗ ಅಲುಗಲಿಲ್ಲ.

ಗುರುವಾರ ಸಂಜೆ ಗಂಡನಿಗೆ ಹೇಳಿದಳು. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆದು ನಿವೃತ್ತನಾದವನು. ಹೆಂಡತಿ ಸೆಕೆಂಡು ತಪ್ಪದ ಹಾಗೆ ನೋಡಿಕೊಳ್ಳುತ್ತಾಳೆ, ಗಂಡ ಊರನ್ನೇ ಗಂಟೆಗಟ್ಟಲೆ ಕಾಯಿಸುತ್ತಾನೆ ಎಂದು ಬೀದಿಯವರು ಆಡಿಕೊಂಡು ನಕ್ಕದ್ದು ಅವನ ಸರ್ವಿಸಿನುದ್ದಕ್ಕೂ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ವಿಷಯ ಅವನ ಕಿವಿಗೆ ಬಿದ್ದದ್ದು ಇದೇ ಮೊದಲು. ಅವನು ಬಟಾಣಿ ಸುಲಿಯುತ್ತಿದ್ದ ಕೈ ನಿಲ್ಲಿಸಿ ಪೂರ್ತಿ ಕೇಳಿದ.

“ಆ ರೇಡಿಯೋ ಯಾವುದು? ನಿಮ್ಮಪ್ಪನ ಕಂದು ಬಣ್ಣದ್ದಾ?”

“ರೀ, ನಾನೇನು ಹೇಳ್ತಿದ್ದೀನಿ, ನೀವೇನು ಕೇಳ್ತಿದ್ದೀರಿ!”

“ಅಲ್ವೇ, ಸ್ಪೀಕರ್ ಇಲ್ದ ರೇಡಿಯೋ ಅಂತ ನಿಮ್ಮಮ್ಮ ಅದನ್ನ ನನಗೆ ಕೊಟ್ಟಿದ್ರು, ರಿಪೇರಿ ಮಾಡಿಸ್ಕೋ ಅಂತ. ಯಾರು ಕಿತ್ತಿದ್ದು ಅಂತ ಇವತ್ತು ಗೊತ್ತಾಯ್ತು.” ಅವನು ಮತ್ತೊಂದು ಬಟಾಣಿ ಸುಲಿದ. “ಫೋನ್ ಮಾಡು ಆ ನರ್ಸಮ್ಮನಿಗೆ.”

“ಶನಿವಾರ ಬರ್ತಾರಲ್ಲ.”

“ಇಷ್ಟು ವರ್ಷ ಕಾದೋಳಿಗೆ ಇನ್ನೆರಡು ದಿನ ದೊಡ್ಡದಲ್ಲ ಬಿಡು.” ಸಿಪ್ಪೆಗಳನ್ನು ಬದಿಗೆ ಸರಿಸಿ, “ನನಗಾದ್ರೂ ಹೇಳ್ಬಹುದಿತ್ತು ಕಣೇ” ಎಂದ.

ಶನಿವಾರ ನರ್ಸಮ್ಮ ಹನ್ನೊಂದಕ್ಕೆ ಬಂದರು. ಚೀಲ ಬದಲಾಗಿತ್ತು, ಜಿಪ್ಪಿನದು. ವಾಚನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು.

“ಈಗ ಬಂತು ನೋಡಿ ನಮ್ಮಮ್ಮನ ವಾಚಿನ ಸದ್ದು.”

“ಅಮ್ಮನದಾ ಇದು?”

“ಹೂಂ. ಅವರೂ ನರ್ಸೇ. ಹೊಸದಾಗಿ ತಗೊಂಡಾಗ ಈ ವಾಚು, ದಿನಾ ರಾತ್ರಿ ರೇಡಿಯೋ ಸಮಯಕ್ಕೆ ಇಟ್ರೂ, ಬೆಳಿಗ್ಗೆ ಹೊತ್ತಿಗೆ ಮುಂದೆ ಓಡಿರ್ತಿತ್ತಂತೆ. ಅಮ್ಮ ಒಪ್ತಿರ್ಲಿಲ್ಲ, ಆಸ್ಪತ್ರೆ ಗಡಿಯಾರವೇ ಹಿಂದೆ ಅಂತ ಜಗಳ ಆಡೋರು. ಮೂರು ವರ್ಷ ಡ್ಯೂಟಿಗೆ ಎಲ್ಲರಿಗಿಂತ ಮುಂಚೆ ಹೋಗಿ, ಶಿಸ್ತಿನ ನರ್ಸು ಅಂತ ಬಡ್ತಿನೂ ತಗೊಂಡ್ರು! ಆಮೇಲೆ ನಮ್ಮೂರಿಗೆ ಒಬ್ಬ ವಾಚ್ ಅಮ್ಮ ಬಂದ್ರು, ಅವರು ಸರಿ ಮಾಡಿದ್ದು.”

ವಾಚಮ್ಮ ಗಾಜಿನ ಮೇಲೆ ಎರಡೂ ಅಂಗೈ ಊರಿದಳು. “ದಿಕ್ಸೂಚಿ ಇಡ್ತಾರೆ ಅಂದ್ರಲ್ಲ, ಅವರಾ?”

“ಅವರೇ. ರೈಲು ನಿಲ್ದಾಣದ ಎದುರು, ಒಂದು ಕನ್ನಡಕದ ಅಂಗಡೀಲಿ ಅರ್ಧ ಜಾಗ ಅವರದು. ಇಲ್ಲಿಗೆ ಮಗಳ ಮನೆಗೆ ಬರೋ ಮುಂಚೆ ಅವರ ಹತ್ರಾನೇ ಒಯ್ದಿದ್ದೆ. ದಿಕ್ಸೂಚಿ ಇಟ್ಟು ನೋಡಿ, ಕಾಂತ ಇಲ್ಲ, ಎಣ್ಣೆ ಒಣಗಿದೆ, ಆದ್ರೆ ನನ್ನ ಕಣ್ಣು ಸಾಲದು ಅಂದ್ಬಿಟ್ರು. ಕನ್ನಡಕದಂಗಡೀಲಿ ಕೂತು ಕಣ್ಣು ಕಾಣಲ್ಲ ಅಂತೀರಲ್ಲಮ್ಮ ಅಂತ ನಾನು ನಗಾಡಿದೆ. ಅವರೂ ನಕ್ರು. ಈ ತಿಂಗಳ ಕೊನೆಗೆ ಬಾಗಿಲು ಹಾಕ್ತಾರಂತೆ. ಆಮೇಲೆ ಎಲ್ಲಿಗೆ ಅಂತ ಕೇಳಿದ್ರೆ, ನೋಡೋಣ ಅಂದ್ರು.”

“ಹೇಗಿದಾರೆ?”

ನರ್ಸಮ್ಮ ವಾಚಮ್ಮನ ಮುಖ ನೋಡಿದರು. “ಗಟ್ಟಿಯಾಗಿದಾರೆ. ಒಂಟಿ ಜೀವ. ಹಳೇ ನೀಲಿ ಸ್ವೆಟರೊಂದನ್ನ ಮಡಚಿ ಕುರ್ಚಿ ಮೇಲೆ ಮೆತ್ತೆ ಮಾಡ್ಕೊಂಡು ಕೂರ್ತಾರೆ. ಯಾಕೆ, ಗೊತ್ತಾ ನಿಮಗೆ?”

“ಆ ದಿಕ್ಸೂಚಿ... ಯಾಕಿಡ್ತೀರಿ ಅಂತ ಯಾವತ್ತಾದ್ರೂ ಕೇಳಿದ್ರಾ?”

“ಕೇಳ್ದೆ ಇರ್ತೀನಾ? ನರ್ಸಿಂಗ್ ಓದ್ತಿದ್ದಾಗ ಅಮ್ಮನ ಜೊತೆ ಹೋದಾಗ್ಲೇ ಕೇಳಿದ್ದೆ. ನನ್ನ ತಂಗಿಯಿಂದ ಕಲಿತದ್ದು ಅಂದ್ರು.”

ಮೇಲಿನ ಟೈಪಿಂಗ್ ಶಾಲೆ ಬಿಟ್ಟಿತು. ಹತ್ತು ಹನ್ನೆರಡು ಜೋಡಿ ಕಾಲುಗಳು ದಡದಡ ಇಳಿದವು. ವಾಚಮ್ಮ ಕೈಯಲ್ಲಿ ಏನೂ ಇರದಿದ್ದರೂ, ಕೊನೆಯ ಹೆಜ್ಜೆ ಇಳಿಯುವವರೆಗೆ ಕಾದಳು.

“ಮೂವತ್ತು ವರ್ಷದ ಹಿಂದೆಯೇ ಹಾಗಂದ್ರಾ?”

“ಹೂಂ. ಹಾಗಂದು ನಕ್ಕಿದ್ರು, ಚೆನ್ನಾಗಿ ನೆನಪಿ...” ನರ್ಸಮ್ಮ ಮಾತು ಅಲ್ಲಿಗೇ ನಿಲ್ಲಿಸಿದರು. ಜೀವನವೆಲ್ಲ ರೋಗಿಗಳ ಮುಖ ಓದಿದವರು. “ಅಯ್ಯೋ. ನೀವೇನಾ?”

ವಾಚಮ್ಮ ಕೈ ಚಾಚಿದಳು. “ವಾಚು ಒಂದು ನಿಮಿಷ ಕೊಡಿ. ಒಂದು ಕೆಲಸ ಬಾಕಿ ಇದೆ” ಎಂದಳು. ಕೊಳವೆಯನ್ನು ಕಣ್ಣಿಗೆ ಸಿಕ್ಕಿಸಿ, ಚೂರಿಯಿಂದ ಮುಚ್ಚಳ ತೆಗೆದು, ಅದನ್ನು ಮರದ ಅಚ್ಚಿನಲ್ಲಿ ಬಿಗಿದಳು. ಮೂರನೆಯ ನಲವತ್ತೊಂದರ ಕೆಳಗೆ ಸೂಜಿಮೊನೆ ಊರಿದಳು. ನಾಲ್ಕು, ಎರಡು. ಅದರ ಮುಂದೆ ಆ ದಿನದ ತಾರೀಕು. ಗೀರಿ ಅಭ್ಯಾಸವಿಲ್ಲದ ಕೈ, ಎರಡರ ಬಾಲ ಕೊಂಚ ಜಾರಿತು. ಉಫ್ ಎಂದು ಪುಡಿ ಊದಿ, ಮುಚ್ಚಳ ಒತ್ತಿ, ನರ್ಸಮ್ಮನ ಕೈಗೆ ತಾನೇ ವಾಚು ಕಟ್ಟಿದಳು.

ನರ್ಸಮ್ಮ ಪರ್ಸಿನಿಂದ ಕನ್ನಡಕದ ಅಂಗಡಿಯ ಕಾರ್ಡು ತೆಗೆದುಕೊಟ್ಟರು. “ಇದರಲ್ಲಿ ಫೋನ್ ನಂಬರಿದೆ. ಕರೆದು ಕೊಡ್ತಾರೆ.”

ಮನೆಯಲ್ಲಿ ಗಂಡನೂ ಅದನ್ನೇ ಹೇಳಿದ. ಕಾರ್ಡನ್ನು ಹಿಂದುಮುಂದು ತಿರುಗಿಸಿ ನೋಡಿ, “ಈಗ್ಲೇ ಮಾಡೇ, ಅಂಗಡಿ ತೆರೆದಿರುತ್ತೆ” ಎಂದ.

“ಏನಂತ ಮಾಡ್ಲಿ? ಅವಳು ಕೇಳಿದ್ದು ಬಸ್ಸಿನ ಹತ್ರ ನಿಂತು. ನಾನೂ ಎದುರಿಗೆ ನಿಂತೇ ಹೇಳ್ಬೇಕು.”

“ಕಣ್ಣು ಕಾಣದ ಅಕ್ಕನ್ನ ಅಲ್ಲೇ ಬಿಟ್ಟು ಬರ್ತೀಯಾ?”

“ಬರ್ತೀನಿ ಅಂದ್ರೆ ಕರ್ಕೊಂಡು ಬರ್ತೀನಿ. ಬರ್ತಾಳೋ ಇಲ್ವೋ.”

“ಒಳಗಿನ ಕೋಣೆಯ ಕಿಟಕಿ ತೆಗೆಯಕ್ಕೆ ಬರಲ್ಲ, ಬಾಗಿಲು ಉಬ್ಬಿದೆ. ನಾಳೆ ಬಡಗಿಗೆ ಹೇಳ್ತೀನಿ” ಎಂದು ಅವನು ಎದ್ದ. ಹಳೆಯ ವೇಳಾಪಟ್ಟಿಯ ಪುಸ್ತಕ ಹುಡುಕಿ ತಂದು, ತಾನೇ ಬರೆದ ಸಾಲಿನ ಮೇಲೆ ಬೆರಳಾಡಿಸಿದ. “ಆ ಊರಿಗೆ ಬೆಳಿಗ್ಗೆ ಆರೂ ಕಾಲಿಗೆ ಒಂದು ಬಸ್ಸಿದೆ. ಆದ್ರೆ ಅದು ಯಾವತ್ತೂ ಆರೂ ಮುಕ್ಕಾಲಿಗೆ ಮುಂಚೆ ಬಂದಿಲ್ಲ.”

“ನಾನು ಆರಕ್ಕೇ ಹೋಗಿ ನಿಂತಿರ್ತೀನಿ.”

ಭಾನುವಾರ ಬಡಗಿ ಬಂದು ಕಿಟಕಿಯ ಬಾಗಿಲು ಹೆರೆದು ಸರಿ ಮಾಡಿ ಹೋದ. ಮೆಟ್ಟಿಲ ಕೆಳಗಿನ ಅಂಗಡಿಯ ಹಲಗೆಗೆ ರಟ್ಟಿನ ತುಂಡೊಂದನ್ನು ಸಿಕ್ಕಿಸಲಾಗಿದೆ: ಸೋಮವಾರ, ಮಂಗಳವಾರ ಅಂಗಡಿ ತೆರೆಯುವುದಿಲ್ಲ, ವಾಚುಗಳನ್ನು ಬುಧವಾರ ಕೊಡಲಾಗುವುದು.